ಬದಲಾದದ್ದು ಡಬ್ಬಿ, ಚಮಚವಲ್ಲ

ಈಗ ಯಾವ ನೆಂಟರ ಮನೆಗೆ ಹೋದರೂ ಕಾಫಿಗಿಂತ ಮುಂಚೆ ಒಂದು ಮಾತು ಬರುತ್ತದೆ: "ನಮ್ಮನೇಲಿ ಸಕ್ಕರೆ ಬಿಟ್ಬಿಟ್ಟಿದೀವಿ, ಬರೀ ಬೆಲ್ಲ." ಹಿಂದೆಯೇ ಬರುವ ಲೋಟದಲ್ಲಿ ಎರಡು ಚಮಚ ಬೆಲ್ಲದ ಪುಡಿ, ಸಿಹಿ ಸಾಲದೆಂದು ಮೇಲೊಂದು ಅರ್ಧ.

ಎರಡೂ ಅದೇ ಕಬ್ಬಿನ ಹಾಲಿನಿಂದ ಬಂದವು. ಬೆಲ್ಲದಲ್ಲೂ ಬಹುಪಾಲು ಇರುವುದು ಸಕ್ಕರೆಯೇ. ಕಬ್ಬಿಣಾಂಶ ಇದೆಯಲ್ಲ ಎನ್ನುತ್ತಾರೆ. ಇದೆ, ಆದರೆ ಎರಡು ಚಮಚದಲ್ಲಿ ಒಂದು ಮಿಲಿಗ್ರಾಂ ಸಿಕ್ಕರೆ ಅದೇ ಹೆಚ್ಚು. ಹೆಣ್ಣುಮಕ್ಕಳಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕೆಂದು ಐಸಿಎಂಆರ್ 2020ರಲ್ಲಿ ಹೇಳಿದೆ. ಆ ಕೊರತೆಯನ್ನು ಬೆಲ್ಲದಲ್ಲೇ ತುಂಬಿಸಲು ಹೊರಟರೆ ರಕ್ತದ ಸಕ್ಕರೆ ಎಲ್ಲಿಗೆ ಮುಟ್ಟೀತು ಎಂದು ಬೇರೆ ಹೇಳಬೇಕಿಲ್ಲ. ಹೋಳಿಗೆಯ ಹೂರಣಕ್ಕೆ ಬೆಲ್ಲವೇ ಆಗಬೇಕು, ರುಚಿಯ ಮಾತು ಬೇರೆ. ಸಕ್ಕರೆ ಕಾಯಿಲೆಯವರಿಗೆ ಮಾತ್ರ ಎರಡೂ ಒಂದೇ.

ಇನ್ನು ರಾಗಿ. "ಶುಗರ್ ಇದ್ದೋರು ಅನ್ನ ಬಿಟ್ಟು ಮುದ್ದೆ ಎಷ್ಟು ಬೇಕಾದ್ರೂ ತಿನ್ನಬಹುದು" ಎಂಬ ನಂಬಿಕೆ ಹಳೇ ಮೈಸೂರು ಸೀಮೆಯಲ್ಲಿ ಬಲವಾಗಿ ಬೇರೂರಿದೆ. ರಾಗಿಯ ಹಿರಿಮೆ ಸುಳ್ಳಲ್ಲ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ 120ರ ಹತ್ತಿರ. ನಾರಿನಂಶದಲ್ಲೂ ಪಾಲಿಶ್ ಮಾಡಿದ ಅಕ್ಕಿ ಅದರ ಹತ್ತಿರ ಸುಳಿಯುವುದಿಲ್ಲ. ಆದರೆ ಕಾರ್ಬೋಹೈಡ್ರೇಟಿನ ಲೆಕ್ಕ ನೋಡಿ: ಅಕ್ಕಿಯಲ್ಲಿ ನೂರಕ್ಕೆ 78 ಗ್ರಾಂ ಇದ್ದರೆ ರಾಗಿಯಲ್ಲಿ 67ರಿಂದ 72. ಅಂತರ ಇದೆ, ಎರಡನೇ ಮುದ್ದೆಗೆ ರಹದಾರಿ ಕೊಡುವಷ್ಟಿಲ್ಲ. ನುಣ್ಣಗೆ ಬೀಸಿದ ಹಿಟ್ಟು ಬೇಗ ಜೀರ್ಣವಾಗುತ್ತದೆ. ಆ ಹಿಟ್ಟನ್ನೇ ತೆಳ್ಳಗೆ ಕುದಿಸಿ ಬೆಲ್ಲ ಹಾಕಿ ಕುಡಿಯುವ ಮಾಲ್ಟ್ ರಕ್ತದ ಸಕ್ಕರೆಯನ್ನು ಇನ್ನೂ ಬೇಗ ಏರಿಸಬಲ್ಲದು. ಬೆಳಗ್ಗೆ ಅದನ್ನು ಔಷಧಿಯ ಭಕ್ತಿಯಿಂದ ಕುಡಿಯುವವರು ನಮ್ಮಲ್ಲಿ ಬೇಕಾದಷ್ಟು ಜನ.

ದೇಶದುದ್ದಕ್ಕೂ ನಡೆದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಆಹಾರದ ವರದಿ 2025ರಲ್ಲಿ ಹೊರಬಂತು. ನಮ್ಮ ಊಟದ ಶಕ್ತಿಯಲ್ಲಿ ಸುಮಾರು ಶೇ. 62ರಷ್ಟು ಕಾರ್ಬೋಹೈಡ್ರೇಟಿನಿಂದಲೇ ಬರುತ್ತಿದೆ ಎಂದು ಅದು ಹೇಳಿತು. ಅಕ್ಕಿಯ ಜಾಗಕ್ಕೆ ಗೋಧಿಯನ್ನೋ ಸಿರಿಧಾನ್ಯವನ್ನೋ ತಂದಿಟ್ಟರೂ ಒಟ್ಟು ಪ್ರಮಾಣ ಇಳಿಯದಿದ್ದರೆ ಮಧುಮೇಹದ ಅಪಾಯ ಇಳಿಯುವುದು ಕಾಣಲಿಲ್ಲ. ಅದರಲ್ಲಿ ಸ್ವಲ್ಪ ಭಾಗವನ್ನು ಬೇಳೆಕಾಳು, ಹಾಲು ಮೊಸರಿನ ಪ್ರೋಟೀನಿಗೆ ಬಿಟ್ಟುಕೊಟ್ಟರೆ ಅಪಾಯ ತಗ್ಗೀತು ಎಂಬ ಲೆಕ್ಕ ಸಿಕ್ಕಿತು. ನಮ್ಮ ಹಳ್ಳಿಯ ತಟ್ಟೆಗೆ ಇದು ಹೊಸ ವಿದ್ಯೆಯೇನಲ್ಲ. ಹುರುಳಿಕಾಳಿನ ಬಸ್ಸಾರು, ಪಲ್ಯಕ್ಕೆ ಬಸಿದ ಸೊಪ್ಪು ಕಾಳು, ಜೊತೆಗೆ ಮುದ್ದೆ. ಇಲ್ಲಿ ದೊಡ್ಡದಾಗಬೇಕಾದದ್ದು ಪಲ್ಯ, ಚಿಕ್ಕದಾಗಬೇಕಾದದ್ದು ಮುದ್ದೆ. ಹೊಲದಲ್ಲಿ ದಿನವಿಡೀ ಗುದ್ದಲಿ ಹಿಡಿದವರ ಮುದ್ದೆಯ ಅಳತೆ ಕಂಪ್ಯೂಟರ್ ಮುಂದೆ ಕೂತವರಿಗೆ ಹೇಗೆ ಹೊಂದೀತು?

ಉಪ್ಪಿನ ಕಥೆಯೂ ಹೀಗೇ. ಪಿಂಕ್ ಸಾಲ್ಟ್ ಬಿಪಿ ಏರಿಸುವುದಿಲ್ಲ ಎಂದು ನಂಬಿ ದುಬಾರಿ ಪೊಟ್ಟಣ ತರುತ್ತಾರೆ. ಹೆಸರಿಗೆ ಹಿಮಾಲಯದ್ದು, ಅದರ ಪ್ರಸಿದ್ಧ ಗಣಿ ಇರುವುದು ಪಾಕಿಸ್ತಾನದ ಪಂಜಾಬಿನ ಖೇವ್ರಾದಲ್ಲಿ. ಬಣ್ಣ ಯಾವುದಾದರೂ ಒಳಗಿರುವುದು ಹೆಚ್ಚುಕಡಿಮೆ ಪೂರ್ತಿ ಸೋಡಿಯಂ ಕ್ಲೋರೈಡ್. ಮೇಲಾಗಿ, ಗಳಗಂಡ ತಡೆಯಲು 1962ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಿಂದ ಮನೆಮನೆಗೆ ಬಂದ ಅಯೋಡಿನ್ ಈ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ದಿನಕ್ಕೆ 5 ಗ್ರಾಂ, ಅಂದರೆ ಮಟ್ಟಸವಾಗಿ ಒಂದು ಟೀ ಚಮಚಕ್ಕಿಂತ ಕಡಿಮೆ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಸಾರು, ಪಲ್ಯ, ಮಜ್ಜಿಗೆ, ಉಪ್ಪಿನಕಾಯಿ, ಹಪ್ಪಳ, ಸಂಜೆಯ ಖಾರ ಎಲ್ಲ ಇದರೊಳಗೇ ಮುಗಿಯಬೇಕು.

ಗಾಣದ ಎಣ್ಣೆಯ ಘಮ ಒಳ್ಳೆಯದೇ. ಆದರೂ ಯಾವ ಎಣ್ಣೆಯಾದರೂ ಗ್ರಾಮಿಗೆ 9 ಕ್ಯಾಲೊರಿ. ಗಾಣದಲ್ಲಿ ತೆಗೆದದ್ದೆಂದು ಬೋಂಡಾ ಹಗುರವಾಗುವುದಿಲ್ಲ.

ನಡಿಗೆಗೂ ಒಂದು ಅಂಕಿ ಅಂಟಿಕೊಂಡಿದೆ: ದಿನಕ್ಕೆ ಹತ್ತು ಸಾವಿರ ಹೆಜ್ಜೆ, ಇಲ್ಲವಾದರೆ ವ್ಯರ್ಥ. ಈ ಅಂಕಿ ಹೆಸರಾದದ್ದು 1965ರ ಸುಮಾರಿಗೆ ಜಪಾನಿನಲ್ಲಿ, ಹೆಜ್ಜೆ ಎಣಿಸುವ ಒಂದು ಯಂತ್ರದ ಮಾರಾಟದ ಹೆಸರಾಗಿ. ಅಮೆರಿಕದ ವಯಸ್ಸಾದ ಹೆಂಗಸರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 4,400 ಹೆಜ್ಜೆಗೇ ಸಾವಿನ ಅಪಾಯ ಕಡಿಮೆ ಕಂಡಿತು. 7,500ರ ಹೊತ್ತಿಗೆ ಹೆಚ್ಚುವರಿ ಲಾಭ ನಿಂತಿತು. ಮಂಡಿನೋವಿನ ಅತ್ತೆಯವರನ್ನು ಫೋನಿನ ಲೆಕ್ಕ ಮುಗಿಯುವವರೆಗೂ ಮಹಡಿಯ ಮೇಲೆ ಓಡಾಡಿಸುವುದು ಬೇಡ. ರಾತ್ರಿ ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಬೀದಿಯ ತುದಿಯವರೆಗೆ ಹೋಗಿ ಬಂದರೂ ಊಟದ ನಂತರ ಏರುವ ಸಕ್ಕರೆ ತಗ್ಗುತ್ತದೆ.