ಕಿಟಕಿಯಿಂದ ಕೂಗಿದೆ, ಆ ಮನೆ ಓಗೊಟ್ಟಿತು!

ಶಿವಾರಪಟ್ಟಣದಲ್ಲಿ ಉಳಿ-ಸುತ್ತಿಗೆಯ ಸದ್ದಿಲ್ಲದ ಬೀದಿ ಹುಡುಕುವುದು ಕಷ್ಟ. ಮಾಲೂರು ತಾಲ್ಲೂಕಿನ ಈ ಶಿಲ್ಪಿಗಳ ಊರಿನಲ್ಲಿ, ಅರ್ಧ ಕೆತ್ತಿದ ಗಣಪನ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ ನಾನು ‘ಅಬ್ಬಾ!’ ಎಂದು ಕಿರುಚಿಬಿಟ್ಟೆ. ಚಕ್ಕೆ ಸಿಡಿಯಿತೇನೋ ಎಂದು ಶಿಲ್ಪಿ ಗೆಳೆಯ ಸುತ್ತಿಗೆ ನಿಲ್ಲಿಸಿದ.

ಅವನ ವಿಗ್ರಹಗಳ ಪಟ್ಟಿಗೊಂದು ಪುಟ ಬರೆಯುತ್ತಿದ್ದೆ. ‘ಅಳತೆ’ ಒತ್ತಿದರೆ ಮರಿ ವಿಂಡೋ ತೆರೆಯಬೇಕು. ಅಲ್ಲಿ ‘ಮೂರು ಅಡಿ’ ಒತ್ತಿದರೆ ಹಿಂದಿರುವ ದೊಡ್ಡ ವಿಂಡೋದ ಪಟ್ಟಿ ಬದಲಾಗಬೇಕು. ಎರಡೂ ಬೇರೆ ಬೇರೆ ವಿಂಡೋ. ಆದರೆ ಆ ಮರಿಗೆ ತನ್ನನ್ನು ತೆರೆದವರು ಯಾರೆಂಬ ನೆನಪಿದೆ! ಜಾವಾಸ್ಕ್ರಿಪ್ಟ್‌ನಲ್ಲಿ ಆ ನೆನಪಿನ ಹೆಸರು ‘ಓಪನರ್’. ಆ ಪದ ಬರೆದು, ಚುಕ್ಕಿಯಿಟ್ಟು, ದೊಡ್ಡ ವಿಂಡೋದಲ್ಲಿರುವ ಫಂಕ್ಷನ್ನಿನ ಹೆಸರು ಹೇಳಿದರೆ ಸಾಕು. ಪಕ್ಕದ ಮನೆ ಕಿಟಕಿಯಲ್ಲಿ ‘ಒಂಚೂರು ಹೆಪ್ಪು ಕೊಡಿ’ ಅಂದಷ್ಟೇ ಸಲೀಸು!

ಫೈಲನ್ನು ಪೆನ್‌ಡ್ರೈವಿನಿಂದ ನೇರ ತೆರೆದೆ. ಹಳೆಯದೊಂದು ಬ್ರೌಸರ್‌ನಲ್ಲಿ ಪಟ್ಟಿ ಬದಲಾಯಿತು. ಹೊಸದರಲ್ಲಿ ಅದೇ ಫೈಲು, ಅದೇ ಪೆನ್‌ಡ್ರೈವ್, ಆದರೂ ಕದ ಮುಚ್ಚಿತ್ತು!

ಒಂದು ವಿಂಡೋಗೆ ಇನ್ನೊಂದರೊಳಗೆ ಕೈ ಹಾಕಲು ಬಿಡಬೇಕೇ ಎಂದು ತೀರ್ಮಾನಿಸುವಾಗ ಬ್ರೌಸರ್ ನೋಡುವುದು ಮೂರೇ ಸಂಗತಿ: ಎಚ್‌ಟಿಟಿಪಿಯೋ ಎಚ್‌ಟಿಟಿಪಿಎಸ್ಸೋ, ಯಾವ ತಾಣ, ಯಾವ ಪೋರ್ಟ್. ಮೂರೂ ಒಂದೇ ಆದರೆ ಒಂದೇ ಮನೆತನ. ಒಂದು ತಪ್ಪಿದರೂ ಒಳಗೆ ಕೈ ಹಾಕುವಂತಿಲ್ಲ. ಈ ಕಾವಲಿಲ್ಲದಿದ್ದರೆ ಯಾವುದೋ ಪುಟ ನಮ್ಮ ಬ್ಯಾಂಕಿನ ಪುಟಕ್ಕೆ ಇಣುಕುತ್ತಿತ್ತು! ಆದರೆ ಡಿಸ್ಕಿನಿಂದ ನೇರ ತೆರೆದ ಫೈಲಿಗೆ ತಾಣವೆಲ್ಲಿ? ಒಂದೇ ಫೋಲ್ಡರಿನ ಫೈಲುಗಳನ್ನು ಫೈರ್‌ಫಾಕ್ಸ್ 2019ರವರೆಗೆ ನೆಂಟರೆನ್ನುತ್ತಿತ್ತು. 68ನೇ ಆವೃತ್ತಿಯಿಂದ ಅದಕ್ಕೂ ಅವು ಅಪರಿಚಿತರೇ. ಕ್ರೋಮ್‌ನಲ್ಲಿ ‘ನೀನು ಯಾವ ಮನೆತನ’ ಎಂದು ಕೇಳಿದರೆ ಫೈಲು ಕೊಡುವ ಉತ್ತರ ‘ನಲ್’. ಅಂದರೆ ಹೇಳಿಕೊಳ್ಳಲು ಮನೆಯೇ ಇಲ್ಲ!

ಹಾಗಾದರೆ ಬೇರೆ ಮನೆಯವರು ಮಾತಾಡಲೇಬಾರದೆ? ಆಡಬಹುದು, ‘ಪೋಸ್ಟ್‌ಮೆಸೇಜ್’ ಇದೆ! ಒಳಗೆ ಕೈ ಹಾಕುವಂತಿಲ್ಲ, ಕೂಗಬಹುದು. ಯಾರ ಮನೆಗೆ ಎಂದು ಹೇಳಿ ಕೂಗಬೇಕು; ಕೇಳಿಸಿಕೊಂಡವರು ಕೂಗು ಯಾವ ಮನೆಯದೆಂದು ನೋಡಿಕೊಂಡು ಓಗೊಡಬೇಕು. 2008ರಲ್ಲಿ ಫೈರ್‌ಫಾಕ್ಸ್ 3ಕ್ಕೆ ಈ ವಿದ್ಯೆ ಬಂತು. 2009ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 8 ಕೂಡ ಕಲಿಯಿತು, ಆದರೆ ಅರ್ಧವಷ್ಟೇ! ಪುಟದೊಳಗೇ ಕೂತ ಐಫ್ರೇಮಿನ ಮಾತು ಅದಕ್ಕೆ ಕೇಳಿಸುತ್ತಿತ್ತು, ಬೇರೆ ವಿಂಡೋದ ಕೂಗಿಗೆ ಕಿವುಡು. 2021ರ ಕ್ರೋಮ್ 88ರದ್ದು ಮತ್ತೂ ಸೋಜಿಗ: ಲಿಂಕೊಂದು ಹೊಸ ಟ್ಯಾಬ್ ತೆರೆದರೆ, ನಾವಾಗಿ ಬರೆದು ಕೇಳದ ಹೊರತು, ‘ಓಪನರ್’ ಎಂಬ ನೆನಪನ್ನೇ ಅದು ಅಳಿಸಿ ಕಳಿಸುತ್ತದೆ!

ಕೊನೆಗೆ ಲ್ಯಾಪ್‌ಟಾಪಿನಲ್ಲೇ ಪುಟ್ಟ ಸರ್ವರ್ ಎಬ್ಬಿಸಿದೆ. ಎರಡು ಪುಟಕ್ಕೂ ಈಗ ಒಂದೇ ವಿಳಾಸ. ಉಸಿರು ಬಿಗಿಹಿಡಿದು ‘ಮೂರು ಅಡಿ’ ಒತ್ತಿದೆ. ಹಿಂದಿನ ವಿಂಡೋದಲ್ಲಿ ಪಟ್ಟಿ ತಾನಾಗಿ ಬದಲಾಯಿತು! ಆಗಲೇ ನಾನು ಕಿರುಚಿದ್ದು.

ಗೆಳೆಯ ಕೈ ಒರೆಸಿಕೊಂಡು ಬಂದು ಪರದೆ ನೋಡಿದ. ‘ಮೂರು ಅಡಿ ಅಂದ್ರೆ, ಪೀಠ ಸೇರಿಸಿಯೋ, ಬಿಟ್ಟೋ?’

ನಾನು ಇನ್ನೊಂದು ವಿಂಡೋ ತೆರೆದೆ.