ನಿಮಗಿದು ಗೊತ್ತೆ? ಮಧ್ಯಾಹ್ನದ ಸದ್ದು, ಸಂಜೆಯ ಉತ್ತರ

2020ರ ಮೇ 20. ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಬೆಂಗಳೂರಿನಲ್ಲಿ ಭಾರಿ ಸದ್ದು. ಕಿಟಕಿ, ಬಾಗಿಲುಗಳು ಅದುರಿದವು. ಭೂಕಂಪವಲ್ಲ ಎಂದು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೇಳಿತು. ಮತ್ತೇನು? ಬಾಯಿ ಬಿಡಬೇಕಾದವರು ಸಂಜೆವರೆಗೂ ಬಿಡಲಿಲ್ಲ. ಅಷ್ಟರಲ್ಲಿ ಮೊಬೈಲುಗಳಲ್ಲಿ ಅನ್ಯಗ್ರಹದವರು ಬಂದಿಳಿದಾಗಿತ್ತು!

ವಾಯುಪಡೆಯ ಪರೀಕ್ಷಾ ಹಾರಾಟವೊಂದು ಶಬ್ದಾತೀತ ವೇಗವನ್ನು ತಗ್ಗಿಸುವಾಗ, 36,000ದಿಂದ 40,000 ಅಡಿ ಎತ್ತರದಲ್ಲಿ ಹುಟ್ಟಿದ ಸದ್ದಿರಬೇಕು ಎಂದು ಕೊನೆಗೆ ರಕ್ಷಣಾ ಇಲಾಖೆ ತಿಳಿಸಿತು. ವಿಮಾನ 65–80 ಕಿ.ಮೀ. ದೂರವಿದ್ದರೂ ಇಂಥ ಸದ್ದು ಕೇಳಿಸುತ್ತದಂತೆ.

ಅಮೆರಿಕದಲ್ಲಿ ಇಂಥ ಮೌನ ದಶಕಗಟ್ಟಲೆ ಎಳೆಯಿತು. 1955ರಿಂದ ಯು-2 ಬೇಹುಗಾರಿಕೆ ವಿಮಾನ 60,000 ಅಡಿಗೂ ಮೇಲೆ ಹಾರುತ್ತಿತ್ತು. ಕೆಳಗೆ ಕತ್ತಲಾದರೂ ಅಲ್ಲಿ ಬಿಸಿಲು. ರೆಕ್ಕೆಗಳು ಕೆಂಡದಂತೆ ಹೊಳೆಯುತ್ತಿದ್ದವು. ಕಂಡವರು ಕೇಳಿದರೆ, ನಿಜ ಗೊತ್ತಿದ್ದ ಅಧಿಕಾರಿಗಳು ಮಂಜಿನ ಹರಳು, ಗಾಳಿಯ ಉಷ್ಣಾಂಶದ ಏರುಪೇರು ಎಂದು ಸಾಗಹಾಕಿದರು. ಯಾರು ನಂಬಿಯಾರು?

ನಮ್ಮ ಹಾಸನದಲ್ಲೂ 1982ರಿಂದ ದೊಡ್ಡ ಡಿಶ್‌ಗಳು ಆಕಾಶ ನೋಡುತ್ತಿವೆ. ಆದರೆ ಅದು ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರವೆಂದು ಇಸ್ರೋ ಹೇಳಿಕೊಂಡೇ ಬಂದಿದೆ. ಅತ್ತ ಅಮೆರಿಕದಲ್ಲಿ, ಯು-2 ಪರೀಕ್ಷೆ ನಡೆದ ‘ಏರಿಯಾ 51’ರ ಹೆಸರು ಸಿಐಎ ದಾಖಲೆಗಳಲ್ಲಿ ಬಹಿರಂಗವಾದದ್ದು 2013ರಲ್ಲಿ.