ಸರ್ಟಿಫಿಕೇಟ್ ಕ್ಯಾಡೆಟ್‌ದು, ಪಾಲು ಮನೆಯವರದ್ದೂ

ಖಾಕಿ ತೊಟ್ಟ ಎನ್‌ಸಿಸಿ ಗೆಳೆಯರನ್ನು ಕಂಡರೆ ‘ಅಟೆಂಡೆನ್ಸ್ ಸಿಗುತ್ತೆ ಬಿಡು’ ಅಂತೀವಿ ನಾವು. ಆದರೆ 1948ರಲ್ಲಿ ಶುರುವಾದ ಈ ಸಂಸ್ಥೆಯ ‘ಸಿ’ ಸರ್ಟಿಫಿಕೇಟ್ ಸುಮ್ಮನೆ ಬರಲ್ಲ: ವರ್ಷಗಟ್ಟಲೆ ಪರೇಡ್, ಕ್ಯಾಂಪು, ಕೊನೆಗೆ ಪರೀಕ್ಷೆ. ಅದರಲ್ಲಿ ಕನಿಷ್ಠ ‘ಬಿ’ ಗ್ರೇಡ್, ಡಿಗ್ರಿಯಲ್ಲಿ ಶೇ. 50 ಅಂಕ ಇದ್ದರೆ ಸೇನೆಯ ಎನ್‌ಸಿಸಿ ಸ್ಪೆಷಲ್ ಎಂಟ್ರಿಗೆ ಅರ್ಜಿ ಹಾಕಬಹುದು. ಲಿಖಿತ ಪರೀಕ್ಷೆ ಇಲ್ಲ. ಶಾರ್ಟ್‌ಲಿಸ್ಟ್ ಆದವರಿಗೆ ನೇರ ಎಸ್‌ಎಸ್‌ಬಿ ಸಂದರ್ಶನ.

ಮಧುರೆ ಕಡೆ ಹಳ್ಳಿಯಿಂದ ಬೆಳಗಿನ ಪರೇಡಿಗೆ ಬರಬೇಕಂದ್ರೆ ಕತ್ತಲಲ್ಲೇ ಅಮ್ಮ ಡಬ್ಬಿ ಕಟ್ಟಬೇಕು, ಅಪ್ಪ ಬೈಕ್ ತೆಗೀಬೇಕು. ಈ ಸೇವೆಗೆ ಸಂಬಳವಿಲ್ಲ, ಬ್ಯಾಡ್ಜೂ ಇಲ್ಲ. ನವೆಂಬರ್ ನಾಲ್ಕನೇ ಭಾನುವಾರ ಎನ್‌ಸಿಸಿ ದಿನ. ಅವತ್ತು ಕ್ಯಾಡೆಟ್‌ಗಳ ಜೊತೆ ಅವರ ಅಪ್ಪ-ಅಮ್ಮಂದಿರನ್ನೂ ವೇದಿಕೆಗೆ ಕರೆಯೋಣ.